ಕುದುರೆ ಎಳೆದ ವಿಮಾನಗಳು

ಕೆನಡಾದ ಗಡಿಗೆ ಅಂಟಿದ ಅಮೆರಿಕದ ಮೇನ್ ಸೀಮೆಯ ಆಲೂಗಡ್ಡೆ ಬೆಳೆಗಾರ ಆಲ್ಡನ್ ಹ್ಯಾಸ್ಕೆಲ್‌ಗೆ ಯಾರ ಮಾತಿನ ಮೇಲೂ ನಂಬಿಕೆಯಿರಲಿಲ್ಲ. ಸೂಟು ತೊಟ್ಟವರ ಮಾತಿನ ಮೇಲಂತೂ ಇಲ್ಲವೇ ಇಲ್ಲ. ಹಿಂದಿನ ಮಹಾಯುದ್ಧಕ್ಕೆ ಹೋದ ಅಣ್ಣ ಫ್ರಾನ್ಸಿನ ಮಣ್ಣಲ್ಲೇ ಉಳಿದಿದ್ದ. ಇರುವ ಒಬ್ಬನೇ ಮಗ ಮರ್ಲ್‌ನನ್ನು ಯಾವ ಯುದ್ಧಕ್ಕೂ ಬಿಡೆನೆಂದು ಆಲ್ಡನ್ ಹೆಂಡತಿಗೆ ಮಾತು ಕೊಟ್ಟಿದ್ದ.

1940ರ ಜನವರಿಯಲ್ಲಿ ವಿಮಾನ ಕಂಪನಿಯ ಪ್ರೂಯಿಟ್ ಬಂದು ಅವನ ಜೋಡಿ ಕುದುರೆ ಕೇಳಿದ.

"ವಿಮಾನಕ್ಕೆ ಕುದುರೆ ಯಾಕಯ್ಯಾ? ರೆಕ್ಕೆ ಏನು ಶೋಕಿಗೆ ಇಟ್ಟಿದ್ದೀರಾ?"

"ಕೆನಡಾದವ್ರು ಯುದ್ಧದಲ್ಲಿದ್ದಾರೆ, ನಾವಿಲ್ಲ. ಅವ್ರು ಕೊಂಡ ವಿಮಾನ ಹಾರಿಸ್ಕೊಂಡು ಹೋಗಿ ಕೊಡೋ ಹಾಗಿಲ್ಲ, ಕಾನೂನು. ಗಡಿ ತನಕ ಎಳೆದುಬಿಟ್ರೆ ಆಯ್ತು, ಹ್ಯಾಸ್ಕೆಲ್ ಅವರೇ."

"ಯುದ್ಧದಲ್ಲಿಲ್ಲ ಅಂತ ತೋರಿಸೋಕೆ ಯುದ್ಧವಿಮಾನ ಎಳೀಬೇಕಾ? ಯಾರ ಕಿವಿ ಮೇಲೆ ಹೂವು ಇಡ್ತೀರಿ?"

ಆದರೂ ಒಪ್ಪಿದ. ಒಲ್ಲೆನೆಂದರೆ ವಿಮಾನದ ಹುಚ್ಚಿನ ಮರ್ಲ್ ಬೇರೆಯವರ ಕುದುರೆ ಹಿಡಿದು ಹೋಗುವವನೇ. ಅದಕ್ಕಿಂತ ಕಣ್ಣೆದುರಿಗಿರುವುದು ವಾಸಿ.

ಮೊದಲ ವಾರ ಕುದುರೆಗಳು ಗಡಿಗೆ ಹತ್ತು ಹೆಜ್ಜೆ ಈಚೆಗೇ ನಿಂತವು. ಹಗ್ಗ ಎಸೆದರೆ ಕೆನಡಾದವರು ಎಳೆದುಕೊಂಡರು. ಎರಡನೇ ವಾರ ಹಿಮ ಮೊಣಕಾಲುದ್ದ ಬಿತ್ತು, ಅವರಿಂದ ಆಗಲಿಲ್ಲ. ಹತ್ತು ಹೆಜ್ಜೆ ತಾನೇ ಎಂದು ಪ್ರೂಯಿಟ್ ಅಂಗಲಾಚಿದ, ಕುದುರೆಗಳು ಗಡಿ ದಾಟಿದವು. ಆಮೇಲೆ ಒಂದು ವಿಮಾನ ಮಂಜುಗಡ್ಡೆಯ ಮೇಲೆ ಜಾರಿತು. ಒಳಗೆ ಕೂತು ಬ್ರೇಕ್ ಒತ್ತಲು ಒಬ್ಬರು ಬೇಕಾಯಿತು. ಯಾರೂ ಕೇಳುವ ಮೊದಲೇ ಮರ್ಲ್ ಹತ್ತಿ ಕೂತಿದ್ದ.

"ಮೊದಲು ಹಗ್ಗ, ಆಮೇಲೆ ಕುದುರೆ, ಈಗ ನನ್ನ ಮಗ. ನಾಳೆ ಏನಂತೆ?"

"ಬರೀ ಬ್ರೇಕು, ಹ್ಯಾಸ್ಕೆಲ್ ಅವರೇ," ಎಂದು ಪ್ರೂಯಿಟ್ ನಕ್ಕ.

ಆ ನಗು ಆಲ್ಡನ್‌ಗೆ ಸರಿಬರಲಿಲ್ಲ. ಕೆನಡಾದವರು ಮಗನಿಗೆ ಕೊಡುವ ಬಿಸಿ ಕಾಫಿಯ ಮೇಲೂ ಅವನಿಗೆ ಗುಮಾನಿ. ಒಬ್ಬೊಬ್ಬರ ಮುಖವನ್ನೂ ದಿಟ್ಟಿಸುತ್ತಿದ್ದ. ಮಗನ ಮುಖವೊಂದನ್ನೇ, ಪಾಪ, ನೋಡಿರಲಿಲ್ಲ.

ಮಾರ್ಚಿನಲ್ಲಿ ಒಂದು ದಿನ ಆಲ್ಡನ್ ವಿಮಾನವನ್ನು ಗಡಿಯಾಚೆಗೆ ಎಳೆದು, ಹಗ್ಗ ಬಿಚ್ಚಿ, ಎಂದಿನಂತೆ ಕೂಗಿದ: "ಇಳಿಯೋ, ಅಮ್ಮ ಊಟಕ್ಕೆ ಕಾಯ್ತಿರ್ತಾಳೆ."

ಮರ್ಲ್ ಇಳಿದವನು ಕೆನಡಾದ ಅಧಿಕಾರಿಯ ಪಕ್ಕ ಹೋಗಿ ನಿಂತ. "ನಾನು ಬರಲ್ಲ ಅಪ್ಪ. ಇವರ ವಾಯುಪಡೆಗೆ ಸೇರ್ತಿದ್ದೀನಿ."

"ಯಾರೋ ನಿನ್ನ ತಲೆ ಕೆಡಿಸಿದ್ದು? ಆ ಪ್ರೂಯಿಟ್ಟಾ?"

"ಯಾರೂ ಅಲ್ಲ. ದಿನಾ ನೀನೇ ಇಲ್ಲಿಗೆ ಎಳ್ಕೊಂಡು ಬರ್ತಿದ್ದೆ. ವಾಪಸ್ ಹೋಗೋದೇ ನನಗೆ ಕಷ್ಟ ಆಗ್ತಿತ್ತು."

ಆಲ್ಡನ್ ಅವನ ತೋಳು ಹಿಡಿದು ಜಗ್ಗಿದ. ಹುಡುಗ ಕದಲಲಿಲ್ಲ, ಅಪ್ಪನನ್ನು ಒಮ್ಮೆ ಗಟ್ಟಿಯಾಗಿ ತಬ್ಬಿ ಬಿಟ್ಟ, ಅಷ್ಟೇ. ಆಲ್ಡನ್ ಕುದುರೆಗಳನ್ನು ಹಿಂದಕ್ಕೆ ತಿರುಗಿಸಿದ. ಹೆಂಡತಿಗೆ ಯಾವ ಮುಖ ತೋರಿಸಲಿ? ಯಾರನ್ನು ಬೈಯಲಿ? ಕುದುರೆಯೂ ತನ್ನದೇ, ಲಗಾಮು ಹಿಡಿದ ಕೈಯೂ ತನ್ನದೇ.

ಗಡಿಯ ಈಚೆಗೆ ಬಂದಾಗ ಇನ್ನೊಂದು ವಿಮಾನ ಕಾದಿತ್ತು. ಸುದ್ದಿ ತಿಳಿದ ಪ್ರೂಯಿಟ್ ಟೋಪಿ ತೆಗೆದು, "ಇವತ್ತಿಗೆ ಸಾಕು ಬಿಡಿ," ಎಂದ.

ಆಲ್ಡನ್ ರೆಕ್ಕೆಯ ಕೆಳಗೆ ನುಗ್ಗಿದ. ಚಕ್ರ ಅಲ್ಲಾಡಿಸಿ ನೋಡಿದ, ತಂತಿ ಜಗ್ಗಿದ.

"ಈ ಬೋಲ್ಟ್ ಯಾಕೆ ಸಡಿಲ ಇದೆ?"

"ಅದು ಹಾಗೇ ಇರೋದು, ಹ್ಯಾಸ್ಕೆಲ್ ಅವರೇ."

"ಹಾಗೇ ಅಂದ್ರೆ? ಬಿಗಿ ಮಾಡಯ್ಯಾ. ನನ್ನ ಮಗ ಹತ್ತೋದು ಇದನ್ನ. ಅಲ್ಲೀತನಕ ಕುದುರೆ ಕಟ್ಟಲ್ಲ."