ಅಂಗಿಯ ಅಂಚು

ಜಿಂಕೆಗೆ ಗುರಿ ತಪ್ಪಿದವರ ಅಂಗಿಯ ಹಿಂದಿನ ಅಂಚನ್ನು ಕತ್ತರಿಸಿ ಬೇಟೆಮನೆಯ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸುವುದು ಮಿಶಿಗನ್ ಕಾಡಿನವರ ಪದ್ಧತಿ. ಹೋದ ವರ್ಷ ಹಿಲ್ಯಾಳ ಕೆಂಪು ಚೌಕಳಿ ಅಂಗಿಯ ತುಂಡೂ ಆ ಗೋಡೆ ಸೇರಿತ್ತು. ಈ ಸಲ ಅವಳು ಹೊಸ ರೈಫಲ್ ಕೊಂಡು, ಜಲ್ಲಿಗುಂಡಿಯಲ್ಲಿ ಕಾಗದದ ಗುರಿ ನೆಟ್ಟು, ಅದರ ದುರ್ಬೀನನ್ನು ಹೊಂದಿಸಲು ಕುಳಿತಳು. ಮೊದಲ ಗುಂಡುಗಳೆಲ್ಲ ಒಂದೊಂದು ದಿಕ್ಕಿಗೆ ಹೋದವು.

“ಕತ್ತರಿ ತಂದೇ ಇದೀನಿ ಕಣೇ,” ಎಂದು ಅಣ್ಣ ರೈನೊ ಹಲ್ಲು ಕಿರಿದ.

“ಬಾಯ್ಮುಚ್ಚೋ!” ಎಂದವಳೇ ರೈಫಲಿನ ಗುಂಡು ತುಂಬುವ ಬೋಲ್ಟ್ ಕಳಚಿಟ್ಟು, ಮೇಲಿನ ದುರ್ಬೀನನ್ನು ಅಲುಗಿಸಿ ನೋಡಿದಳು. ಅದರ ಸ್ಕ್ರೂಗಳೇ ಸಡಿಲವಾಗಿದ್ದವು! ಬಿಗಿ ಮಾಡಿ, ಮತ್ತೆ ಗುರಿ ಹೊಂದಿಸಿ, ಉಸಿರು ಹಿಡಿದು ಮೂರು ಗುಂಡು ಹೊಡೆದಳು. ಮೂರು ತೂತುಗಳೂ ಕಾಗದದ ನಟ್ಟನಡುವೆ, ಒಂದಕ್ಕೊಂದು ಅಂಟಿದಂತೆ ಬಿದ್ದವು.

ಹಿಲ್ಯಾ ರೈನೊನ ಕೈಯಿಂದ ಕತ್ತರಿ ಕಿತ್ತು ತನ್ನ ಜೇಬಿಗೆ ಹಾಕಿಕೊಂಡಳು.

“ಬೇಟೆಗೆ ಹಳೇ ಅಂಗಿ ಹಾಕ್ಕೊಂಡು ಬಾರೋ, ಅಣ್ಣಾ.”