ಉದ್ಘಾಟನೆಯ ಗೋಲು

"ಬೂಟು ಹೊರಗೆ ಬಿಡ್ರೇ, ದರಿದ್ರದವುಗಳಾ. ಈ ಜಮಖಾನ ಏನು ನಿಮ್ಮಪ್ಪ ಒಗೀತಾನಾ?"

"ನಮ್ಮಪ್ಪ ಅಲ್ಲ ಸಾರ್. ಇವಳೇ ಒಗೆಯೋದು," ಎಂದು ಉದ್ದಕ್ಕ ಪಕ್ಕದಲ್ಲಿದ್ದ ಗೋಲಿಯನ್ನು ತೋರಿಸಿದಳು.

ಉದ್ದಕ್ಕ ಸಂಜೆ ಕಾಲೇಜಿನ ಹಾಕಿ ತಂಡದ ನಾಯಕಿ. ಗೋಲಿ ಅದರ ಗೋಲ್‌ಕೀಪರ್. ಗೋಲಿ ಹಗಲು ದುಡಿಯುತ್ತಿದ್ದ ಲಾಂಡ್ರಿಗೇ ಕ್ರೀಡಾ ಮಂಡಳಿಯ ಈ ಜಮಖಾನ ಬರುತ್ತಿತ್ತು. ನೆನೆದರೆ ಸತ್ತ ಎಮ್ಮೆಯಷ್ಟು ಭಾರ. ಅವಳು ಬೂಟು ಕಳಚಿದಳು.

ಮೇಜಿನ ಆಚೆ ಹಾಗೆ ಗದರಿದ ಮಂಡಳಿಯ ಕಾರ್ಯದರ್ಶಿ, ಅವರ ಪಕ್ಕ ಗುಡ್ಡದ ಕಾಲೇಜಿನ ಪ್ರಿನ್ಸಿಪಾಲರು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಾ ಕೂತಿದ್ದರು. ಪಂದ್ಯಾವಳಿಗೆ ತಂಡಗಳನ್ನು ಆರಿಸಿದ್ದು ಇವರಿಬ್ಬರೇ.

"ಈ ವರ್ಷ ಒಂದಾಟಾನೂ ಸೋತಿಲ್ಲ ಸಾರ್. ನಮ್ಮನ್ನ ಯಾಕೆ ಬಿಟ್ರಿ?" ಉದ್ದಕ್ಕ ಕೇಳಿದಳು.

"ಗೆದ್ದಿಲ್ಲ ಅಂತ ಯಾರಂದ್ರು?" ಕಾರ್ಯದರ್ಶಿ ಎಳೆಮಗುವಿಗೆ ಹೇಳುವಂತೆ ಹೇಳಿದರು. "ಯಾರ ಮೇಲೆ ಗೆದ್ರಿ, ಅದನ್ನ ನೋಡ್ಬೇಕು. ಸಣ್ಣವರನ್ನ ಸೋಲಿಸಿದ್ರೆ ಸಣ್ಣ ಅಂಕ. ದೊಡ್ಡವರ ಕೈಲಿ ಸೋತ್ರೂ ದೊಡ್ಡ ಅಂಕ. ಪೂರಾ ವೈಜ್ಞಾನಿಕ."

ಗುಡ್ಡದ ಕಾಲೇಜು ಹಾಗೆಯೇ ದೊಡ್ಡವರೆಲ್ಲರ ಕೈಯಲ್ಲಿ ಮರ್ಯಾದೆಯಿಂದ ಸೋತು, ಸೋತಷ್ಟೂ ಮೇಲೇರಿ, ಪಟ್ಟಿಯ ನೆತ್ತಿಯ ಮೇಲೆ ಕೂತಿತ್ತು.

"ಹಂಗಾದ್ರೆ ಇವರ ಹುಡುಗೀರ ಜೊತೆ ನಮಗೂ ಒಂದಾಟ ಕೊಡ್ಸಿ."

ಪ್ರಿನ್ಸಿಪಾಲರು ನೊಂದುಕೊಂಡರು. "ನಿಮ್ಮ ಜೊತೆ ಆಡಿದ್ರೆ ನಮ್ಮ ಅಂಕ ಇಳಿಯುತ್ತಲ್ಲಮ್ಮ. ಮಕ್ಕಳ ಭವಿಷ್ಯ ನೋಡ್ಬೇಕಲ್ವಾ?"

"ಅಂದ್ರೆ ನೀವು ನಮ್ಮ ಜೊತೆ ಆಡಲ್ಲ. ನಿಮ್ಮ ಜೊತೆ ಆಡಿಲ್ಲ ಅಂತ ನಮಗೆ ಅಂಕ ಇಲ್ಲ."

"ನೋಡಿ, ಎಷ್ಟು ಚೆನ್ನಾಗಿ ಅರ್ಥ ಮಾಡ್ಕೊಂಡ್ಳು," ಎಂದು ಕಾರ್ಯದರ್ಶಿ ನಿಜಕ್ಕೂ ಹಿಗ್ಗಿದರು. "ನಿಮ್ಮನ್ನ ಮರ್ತಿಲ್ಲಮ್ಮ. ಪಂದ್ಯಾವಳಿಗೆ ದುಡ್ಡು ಕೊಟ್ಟ ದಾನಿಗಳೊಬ್ಬರು ಉದ್ಘಾಟನೆಗೆ ಬರ್ತಾರೆ, ಮೊದಲ ಗೋಲು ಅವರೇ ಹೊಡೆಯೋದು. ಆಡೋ ತಂಡದ ಹುಡುಗೀರು ಯಾರೂ ಗೋಲಲ್ಲಿ ನಿಲ್ಲಲ್ಲ ಅಂತಾರೆ, ಮೊದಲ ಗೋಲು ಬಿಟ್ಟವಳಿಗೆ ಶನಿ ಹಿಡಿಯುತ್ತಂತೆ. ಈ ಹುಡುಗಿ ಹೇಗೂ ಆಡಲ್ಲ, ಆ ಭಯ ಇಲ್ಲ. ನಿಂತು, ಗೋಲು ಬಿಟ್ಟುಕೊಡ್ಲಿ. ಮುಂದಿನ ವರ್ಷ ನಿಮ್ಮ ತಂಡನ ತಗೊಳ್ಳೋದು ನನಗೆ ಬಿಡಿ."

ಹೊರಗೆ ಬಂದ ಮೇಲೆ ಉದ್ದಕ್ಕ ರಸ್ತೆಗೆ ಉಗಿದಳು. "ಬೋಳಿಮಕ್ಕಳು. ನಿಲ್ತೀಯೇನೇ?"

"ನಿಲ್ತೀನಿ ಅಕ್ಕಾ."

"ಥೂ. ಒಂದು ಬಿಸ್ಕತ್ತು ತೋರಿಸಿದ್ರೆ ಬಾಲ ಅಲ್ಲಾಡಿಸ್ತೀಯಲ್ಲೇ."

ತಂಡಕ್ಕೆ ಮುಂದಿನ ವರ್ಷ ಬೇಕಿತ್ತು. ಗೋಲಿಗೆ, ಯಾರಿಗೂ ಹೇಳಿಕೊಳ್ಳದಿದ್ದರೂ, ಆ ದೊಡ್ಡ ಮೈದಾನದ ಗೋಲಿನಲ್ಲಿ ಒಮ್ಮೆ ನಿಲ್ಲಬೇಕಿತ್ತು.

ಉದ್ಘಾಟನೆಯ ದಿನ ಆಯ್ಕೆಯಾದ ತಂಡಗಳು ಬಿಸಿಲಲ್ಲಿ ಸಾಲಾಗಿ ನಿಂತಿದ್ದವು. ಮಾಲೆಯೊಳಗೆ ಅರ್ಧ ಮುಳುಗಿದ್ದ ದಾನಿಗಳು ಹಾಕಿ ಕೋಲನ್ನು ಕಸಪೊರಕೆಯಂತೆ ಹಿಡಿದಿದ್ದರು.

"ಚೆಂಡು ಬಲಕ್ಕೆ ಬರುತ್ತೆ, ನೀನು ಎಡಕ್ಕೆ ಬೀಳು," ಕಾರ್ಯದರ್ಶಿ ಗೋಲಿಯ ಕಿವಿಯಲ್ಲಿ ಹೇಳಿದರು. "ಸ್ವಲ್ಪ ಒದ್ದಾಡಿದ ಹಾಗೆ ಮಾಡು. ಫೋಟೋದಲ್ಲಿ ಚೆನ್ನಾಗಿ ಬರ್ಬೇಕು."

ದಾನಿಗಳು ಹೊಡೆದರು. ಚೆಂಡು ಊಟ ಮುಗಿಸಿ ಅಡ್ಡಾಡಲು ಹೊರಟಂತೆ ಉರುಳಿ ಬಂತು. ಬ್ಯಾಂಡಿನವರು ಆಗಲೇ ಬಾರಿಸತೊಡಗಿದ್ದರು. ಗೋಲಿ ಎಡಕ್ಕೆ ವಾಲಿದ್ದು ನಿಜ. ಆದರೆ ಬಲಗಾಲು ಅವಳನ್ನು ಕೇಳದೆ ಚಾಚಿಕೊಂಡಿತು. ಚೆಂಡು ಕಾಲಿನ ಪ್ಯಾಡಿಗೆ ಬಡಿದು ನಿಂತಿತು. ತುತ್ತೂರಿ ಅರ್ಧಕ್ಕೇ ಕೆಮ್ಮಿ ಸುಮ್ಮನಾಯಿತು.

"ಪಾಪ, ಗಾಬರಿಯಾಗಿದ್ದಾಳೆ. ಇನ್ನೊಂದ್ಸಲ ಸಾರ್," ಕಾರ್ಯದರ್ಶಿ ನಕ್ಕರು.

ದಾನಿಗಳನ್ನು ಇನ್ನಷ್ಟು ಹತ್ತಿರ ನಿಲ್ಲಿಸಿದರು. ಈ ಸಲ ಕಾಲಿನ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಗೋಲಿ ನೋಡಿಯೇ ತಡೆದಳು. ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ದಾನಿಗಳ ಕುತ್ತಿಗೆ ಕೆಂಪಾಯಿತು.

ಕಾರ್ಯದರ್ಶಿ ಓಡಿಬಂದರು. "ಬಿಡೇ, ಮುಂಡೆ," ಹಲ್ಲಿನ ಸಂದಿಯಿಂದ ಮಾತು ಬಂತು. "ಮುಂದಿನ ವರ್ಷ ಬೇಡ್ವಾ ನಿಮಗೆ?"

ಗೋಲಿ ಗ್ಯಾಲರಿಯ ಕಡೆ ನೋಡಿದಳು. ಉದ್ದಕ್ಕ ಎದ್ದು ನಿಂತಿದ್ದಳು. ಅವಳ ಹಿಂದೆ ಇಡೀ ಸಂಜೆ ಕಾಲೇಜು ನಿಂತಿತ್ತು.

"ಮೊದಲ ಗೋಲೇ ಆಗಿಲ್ಲ, ಈ ವರ್ಷದ್ದೇ ಇನ್ನೂ ಶುರುವಾಗಿಲ್ಲವಲ್ಲ ಸಾರ್," ಎಂದಳು ಗೋಲಿ.

ಚೆಂಡನ್ನು ದಾನಿಗಳ ಕಾಲ ಬಳಿಗೆ ಮೆಲ್ಲಗೆ ತಳ್ಳಿದಳು. ಮೊಣಕಾಲು ಬಗ್ಗಿಸಿ ನಿಂತಳು.

"ಹೊಡೀರಿ."