ನೂರೆಂಬತ್ತು ಚೀಲಗಳ ಹೊಲಿಗೆ

ನನ್ನ ನಾದಿನಿ ಎಲೆ ಕೊಳೆಯುವುದನ್ನು ನೋಡಿಕೊಂಡು ಸಂಬಳ ತೆಗೆದುಕೊಳ್ಳುತ್ತಾಳೆ. ಈ ಮಾತನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗಿಸುವುದು ನನ್ನ ಅಭ್ಯಾಸ. ಅವಳಿಗೆ ಅದರಿಂದ ಬೇಸರವಿಲ್ಲ. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅವಳಿಗೆ ಏಳು ವರ್ಷ. ಶಾಲೆಯ ಸಮವಸ್ತ್ರದಿಂದ ಹಿಡಿದು ಕಾಡಿಗೆ ಹೊತ್ತೊಯ್ಯುವ ಬೆನ್ನುಚೀಲದವರೆಗೆ ಅವಳದೆಲ್ಲವನ್ನೂ ಹೊಲಿದವಳು ನಾನು. ನನ್ನ ಮೂಗಿನ ತುದಿಯ ಕೋಪ ಅವಳಿಗೆ ಹೊಸದೇನೂ ಅಲ್ಲ.

ಮನೆಯ ಕೆಳಗೆ ನನ್ನ ಹೊಲಿಗೆ ಅಂಗಡಿ, ಮೇಲಿನ ಕೋಣೆ ಅವಳದು. ಕಾಡಿನ ಮಣ್ಣು, ಮರಗಳ ಅಧ್ಯಯನ ಅವಳ ಕೆಲಸ; ಊರ ಹಿಂದಿನ ಗುಡ್ಡ ಅವಳ ಕಚೇರಿ ಅಂತಲೇ ಇಟ್ಟುಕೊಳ್ಳಿ. ಆ ಗುಡ್ಡದಿಂದ ಒಂದು ತೊರೆ ಇಳಿದು ಬರುತ್ತದೆ. ಮೇಲ್ಭಾಗದಲ್ಲಿ ತೊರೆಯ ಎರಡು ದಂಡೆಗೂ ಗಂಟುಬೇರಿನ ಮರಗಳು. ಡೊಂಕು ಕಾಂಡ, ಬಾಗಿಲಿಗೂ ಆಗದು, ಮೇಜಿಗೂ ಆಗದು. ಕೆಳಗಡೆ ಅರಣ್ಯ ಕಚೇರಿಯವರು ಹಿಂದೆಯೇ ನೆಟ್ಟ ಸೂಜಿಎಲೆ ಮರಗಳು, ಗೆರೆ ಎಳೆದ ಹಾಗೆ ನೆಟ್ಟಗೆ. ಹೆಸರಲ್ಲೇ ಸೂಜಿ ಇರುವುದರಿಂದ ನನಗೆ ಅವುಗಳ ಮೇಲೆ ಸ್ವಲ್ಪ ಅಭಿಮಾನವಿತ್ತು. ಮೇಲಿನ ಡೊಂಕು ಮರಗಳನ್ನೂ ಕಡಿದು ಅಲ್ಲೂ ಸೂಜಿಎಲೆ ನೆಡಬೇಕೆಂದು ಅರಣ್ಯಾಧಿಕಾರಿ ತೀರ್ಮಾನಿಸಿದ್ದರು. ನಾದಿನಿ ಅಡ್ಡ ನಿಂತಳು.

"ಆ ಬೇರಿನ ಗಂಟುಗಳು ಗಾಳಿಯಿಂದ ಗೊಬ್ಬರ ಹಿಡಿದುಕೊಳ್ಳುತ್ವೆ ಅತ್ತಿಗೆ," ಅಂತ ಅವಳು ನನಗೆ ಊಟದ ಹೊತ್ತಲ್ಲಿ ವಿವರಿಸಿದ್ದಳು. "ಎಲೆ ಬಿದ್ದು ಬೇಗ ಕೊಳೆಯುತ್ತೆ. ಸಾರ ಮಣ್ಣಿಗೆ ಹೋಗುತ್ತೆ, ಮಣ್ಣಿಂದ ತೊರೆಗೆ, ತೊರೆಯ ಹುಳಕ್ಕೆ, ಹುಳದಿಂದ ಮೀನಿಗೆ. ಸೂಜಿಎಲೆ ಬಿದ್ದರೆ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತೆ."

"ಅಂದ್ರೆ ಡೊಂಕು ಮರ ಅಡುಗೆ ಮಾಡುತ್ತೆ, ನೆಟ್ಟಗಿನದು ಬರೀ ನಿಂತಿರುತ್ತೆ. ನಿಮ್ಮಣ್ಣನ ತರಾ," ಅಂದೆ. ನನ್ನ ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ಮೂವತ್ತು ವರ್ಷದಲ್ಲಿ ಅವರು ಕಲಿತ ದೊಡ್ಡ ವಿದ್ಯೆ ಅದು.

ಅಧಿಕಾರಿ ಮಾತ್ರ, "ಬಾಯಿಮಾತು ಬೇಡ, ತೋರಿಸಿ. ಒಂದು ವರ್ಷ ಕೊಡ್ತೀನಿ," ಅಂದಿದ್ದರು.

ತೋರಿಸುವ ದಾರಿ ಹೀಗೆ. ಅಂಗೈಯಗಲದ ಬಲೆಚೀಲಗಳಲ್ಲಿ ಒಂದೇ ತೂಕದ ಒಣ ಎಲೆ ತುಂಬಿ, ಅರ್ಧದಷ್ಟನ್ನು ಡೊಂಕು ಮರಗಳ ಕೆಳಗೆ, ಅರ್ಧದಷ್ಟನ್ನು ಸೂಜಿಎಲೆ ಮರಗಳ ಕೆಳಗೆ ಮಣ್ಣಲ್ಲಿ ಹೂಳಬೇಕು. ವರ್ಷ ಕಳೆದ ಮೇಲೆ ತೆಗೆದು, ಎಲೆ ಎಷ್ಟು ಉಳಿದಿದೆ ಎಂದು ತೂಗಬೇಕು. ಒಟ್ಟು ನೂರೆಂಬತ್ತು ಚೀಲ. ಪ್ಲಾಸ್ಟಿಕ್ ಬಲೆಯ ಜೊತೆಗೆ ಅವಳು ಒಂದು ನೈಲಾನ್ ದಾರದ ರೀಲು ತಂದುಕೊಟ್ಟು, "ಇದರಲ್ಲೇ ಹೊಲೀರಿ ಅತ್ತಿಗೆ," ಅಂದಿದ್ದಳು. ಯಾಕೆ ಅಂತ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ದಾರ ನನ್ನ ಮೆಷಿನ್ನಿಗೆ ಹಿಡಿಸಲಿಲ್ಲ. ಜಾರುತ್ತಿತ್ತು, ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿತ್ತು. ಎರಡು ಸೂಜಿ ಮುರಿದವು. ಮೂರನೆಯದೂ ಮುರಿದಾಗ ರೀಲನ್ನು ಡ್ರಾಯರಿಗೆ ಎಸೆದು, ನನ್ನ ಹತ್ತಿ ದಾರ ಹಾಕಿದೆ. ಮೂವತ್ತು ವರ್ಷದಲ್ಲಿ ಆ ದಾರದಿಂದ ಹೊಲಿದ ಬಟ್ಟೆ ಹರಿದಿರಬಹುದು, ಹೊಲಿಗೆ ಬಿಟ್ಟಿಲ್ಲ. ಪಕ್ಕಗಳಿಗೆ ಎರಡು ಸಾಲು, ಎಲೆ ತುಂಬಿದ ಮೇಲೆ ಬಾಯಿಗೆ ಒಂದು ಸಾಲು. ನೂರೆಂಬತ್ತೂ ಒಂದೇ ಅಳತೆ. ದಾರ ಬದಲಿಸಿದ್ದನ್ನು ಅವಳಿಗೆ ಹೇಳಲಿಲ್ಲ. ಹೇಳುವಂಥದ್ದು ಅಂತಲೇ ಅನ್ನಿಸಲಿಲ್ಲ.

ವರ್ಷ ಕಳೆಯಿತು. ಒಂದು ಸಂಜೆ ನಾದಿನಿ ಕೆಸರುಗಾಲಲ್ಲೇ ಅಂಗಡಿಯೊಳಗೆ ಬಂದು, ಎರಡು ಪೆಟ್ಟಿಗೆಗಳನ್ನು ಕತ್ತರಿಸುವ ಮೇಜಿನ ಮೇಲಿಟ್ಟು ಸ್ಟೂಲಿನ ಮೇಲೆ ಕುಳಿತಳು. ಪೆಟ್ಟಿಗೆಯಲ್ಲಿ ಖಾಲಿ ಚೀಲಗಳು, ತಳದಲ್ಲಿ ಕಲಸಿಹೋದ ಎಲೆಚೂರು.

"ಮಣ್ಣಿಂದ ಎತ್ತಿದ ಕೂಡ್ಲೇ ಬಾಯಿ ಬಿಟ್ಟುಕೊಂಡವು," ಅಂದಳು. "ಎಲ್ಲಾನೂ. ತೂಗೋದಕ್ಕೆ ಏನೂ ಉಳಿದಿಲ್ಲ. ಹದಿನೈದು ದಿನದಲ್ಲಿ ಆ ಮನುಷ್ಯನ ಮುಂದೆ ನಿಲ್ಲಬೇಕು. ಮರ ಕಡೀತಾರೆ ಅತ್ತಿಗೆ."

"ಬಲೆ ಸರಿ ಇರಲಿಲ್ಲ," ಅಂದೆ ನಾನು. ಅವಳು ಕಾರಣ ಕೇಳಿಯೇ ಇರಲಿಲ್ಲ. "ನಾನು ಆವತ್ತೇ ಅಂದ್ಕೊಂಡೆ, ಈ ಬಲೆ ಹೊಲಿಗೆ ಹಿಡಿಯಲ್ಲ ಅಂತ." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳು ಮೆಟ್ಟಿಲು ಹತ್ತಿ ಹೋದಳು.

ಅಂದು ನನಗೆ ಊಟ ಸೇರಲಿಲ್ಲ. ನನ್ನ ಗಂಡ ಮಾತ್ರ, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಟಿ ನೋಡ್ಕೋತೀಯ? ಅವಳು ನಿನ್ನ ಏನೂ ಕೇಳಲೇ ಇಲ್ವಲ್ಲ," ಅಂದರು. ವರ್ಷಕ್ಕೊಂದು ಮಾತಾಡಿದರೂ ಸರಿಯಾದ ಕಡೆಯೇ ತಗುಲಿಸುತ್ತಾರೆ.

ಬೆಳಿಗ್ಗೆ ಅವಳು ಕೆಳಗಿಳಿದು ಬಂದಾಗ, ನೈಲಾನ್ ರೀಲನ್ನು ಡ್ರಾಯರಿಂದ ತೆಗೆದು ಅವಳ ಕಾಫಿ ಲೋಟದ ಪಕ್ಕ ಇಟ್ಟೆ. ಹೆಚ್ಚುಕಮ್ಮಿ ತುಂಬಿದ್ದ ರೀಲು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ಯಾವುದರಲ್ಲಿ ಹೊಲಿದ್ರಿ?"

"ಹತ್ತಿ ದಾರದಲ್ಲಿ."

"ಹತ್ತಿ ಕೊಳೆಯುತ್ತೆ ಅತ್ತಿಗೆ. ಎಲೆ ಕೊಳೆಯೋ ಹಾಗೇ ಕೊಳೆಯುತ್ತೆ. ಅದಕ್ಕೇ ನೈಲಾನ್ ಕೊಟ್ಟಿದ್ದು."

"ತಪ್ಪಾಯ್ತು ಕಣೇ. ನಿನ್ನ ಒಂದು ವರ್ಷ ನಾನೇ ಹಾಳು ಮಾಡಿದೆ," ಅಂದೆ. ನಾನು ಯಾರ ಹತ್ತಿರವೂ ಹಾಗೆ ಹೇಳಿದವಳಲ್ಲ. ಕಣ್ಣಲ್ಲಿ ನೀರು ಬಂತು, ಅದಕ್ಕೂ ಕೋಪ ಬಂತು. ಅವಳು ಲೋಟವನ್ನು ಹಾಗೇ ಬಿಟ್ಟು ಕೆಲಸಕ್ಕೆ ಹೋದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಂದು ಅಂಗಡಿಯ ಬಾಗಿಲು ಅರ್ಧ ಮುಚ್ಚಿದೆ. ಚೀಲಗಳನ್ನು ಒಂದೊಂದಾಗಿ ತೊಳೆದು, ಕಿಟಕಿಯ ಹತ್ತಿರ ಹರಡಿದೆ. ನನ್ನ ಹೊಲಿಗೆ ಎಷ್ಟು ಕೆಟ್ಟಿದೆ ಎಂದು ಕಣ್ಣಾರೆ ನೋಡುವುದಷ್ಟೇ ಉದ್ದೇಶ. ಬಾಯಿಯ ಒಂಟಿ ಸಾಲು ಒಳಗಿನ ಎಲೆಗೆ ಒತ್ತಿಕೊಂಡಿದ್ದರಿಂದ ಎಲೆಯ ಜೊತೆಗೇ ಕೆಟ್ಟು ಎಲ್ಲದರಲ್ಲೂ ಬಿಟ್ಟಿತ್ತು. ಪಕ್ಕದ ಜೋಡಿ ಸಾಲು ಇನ್ನೂ ಇತ್ತು. ಉಗುರಿನಿಂದ ಒಂದು ಎಳೆ ಎತ್ತಿ ಎಳೆದೆ. ನೆನೆದ ಕಾಗದದಂತೆ ಸದ್ದಿಲ್ಲದೆ ಹರಿಯಿತು. ಇನ್ನೊಂದು ಚೀಲದ್ದು ಎಳೆದೆ. ಬೆರಳಿಗೆ ಗೆರೆ ಬಿತ್ತೇ ಹೊರತು ದಾರ ಹರಿಯಲಿಲ್ಲ. ಇದೇನು ಇದು, ಒಂದೇ ರೀಲು, ಒಂದೇ ಕೈ, ಒಂದೇ ವರ್ಷ. ಮೂರನೆಯದು, ನಾಲ್ಕನೆಯದು ಎಳೆದೆ. ಊಟದ ಹೊತ್ತು ಮೀರಿದ್ದೂ ತಿಳಿಯಲಿಲ್ಲ. ಸಂಜೆಯ ಹೊತ್ತಿಗೆ ಮೇಜಿನ ಮೇಲೆ ಎರಡು ಗುಡ್ಡೆಗಳಾದವು. ಎಡಕ್ಕೆ ಹರಿದವು, ಬಲಕ್ಕೆ ಗಟ್ಟಿಯವು.

ನಾದಿನಿ ಬಂದವಳು ಬಾಗಿಲಲ್ಲೇ ನಿಂತಳು. "ಏನಿದು?"

"ಎಡಗಡೆಯದರಲ್ಲಿ ದಾರ ಸತ್ತಿದೆ. ಬಲಗಡೆಯದರಲ್ಲಿ ಇನ್ನೂ ಒಂದು ಅಂಗಿ ಹೊಲೀಬಹುದು. ಯಾಕೆ ಅಂತ ನೀನು ಹೇಳು."

ಪ್ರತಿ ಚೀಲಕ್ಕೂ ಒಂದು ಸಂಖ್ಯೆಯ ಬಿಲ್ಲೆ ಇತ್ತು. ಯಾವ ಸಂಖ್ಯೆ ಯಾವ ಮರದ್ದು ಎಂದು ಅವಳ ಪುಸ್ತಕಕ್ಕಷ್ಟೇ ಗೊತ್ತು. ಅವಳು ನಿಂತುಕೊಂಡೇ ಪುಸ್ತಕ ತೆರೆದು, ಎಡಗಡೆಯ ಗುಡ್ಡೆಯಿಂದ ಒಂದೊಂದು ಬಿಲ್ಲೆ ನೋಡಿ ಗುರುತು ಹಾಕತೊಡಗಿದಳು. ಹತ್ತಾಯಿತು, ಮೂವತ್ತಾಯಿತು. ನಡುವೆ ಎಲ್ಲೋ ಸ್ಟೂಲೆಳೆದು ಕುಳಿತಳು. ನಾನು ತಣ್ಣಗಾದ ಚಹಾ ಹಿಡಿದು ಹಾಗೇ ನಿಂತಿದ್ದೆ.

"ಡೊಂಕು ಮರ," ಅಂದಳು ಕೊನೆಗೆ. "ಡೊಂಕು ಮರದ ಕೆಳಗಿನ ತೊಂಬತ್ತೂ ಎಡಗಡೆಯೇ ಇವೆ. ಬಲಗಡೆ ಎಲ್ಲಾ ಸೂಜಿಎಲೆ. ಅತ್ತಿಗೆ, ಸಾರ ಇರೋ ಮಣ್ಣು ನಿಮ್ಮ ದಾರಾನೇ ತಿಂದುಬಿಟ್ಟಿದೆ." ಆಮೇಲೆ ತಡೆದು, "ಮೂರು ಮಾತ್ರ ತಪ್ಪಿದೆ. ನೂರನಲವತ್ತೊಂದು, ನಲವತ್ತೆರಡು, ನಲವತ್ಮೂರು. ಸೂಜಿಎಲೆ ಕೆಳಗಿದ್ದವನ್ನ ನೀವು ಎಡಕ್ಕೆ ಹಾಕಿದ್ದೀರಿ."

"ನನ್ನ ಬೆರಳು ತಪ್ಪಲ್ಲ."

"ನೂರೆಂಬತ್ತರಲ್ಲಿ ಮೂರು ತಪ್ಪಿದ್ರೆ ಏನೂ ಇಲ್ಲ ಅತ್ತಿಗೆ."

"ನಿನಗೆ ಏನೂ ಇಲ್ಲ, ನನಗಿದೆ. ದಾರ ಬದಲಿಸಿದ್ದು ನನ್ನ ತಪ್ಪು, ಒಪ್ಪಿದ್ದೀನಿ. ಇದು ನನ್ನ ತಪ್ಪಲ್ಲ. ಎಲ್ಲಿ ಹೂಳಿದ್ದೆ, ತೋರಿಸು ನಡಿ."

ಮರುದಿನ ಬೆಳಿಗ್ಗೆ ಗುಡ್ಡ ಹತ್ತಿದೆವು. ಇಷ್ಟು ವರ್ಷ ಅವಳನ್ನು ಆಡಿಕೊಂಡವಳು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಸೂಜಿಎಲೆ ಮರಗಳ ಕೆಳಗೆ ನೆಲ ಒಣಗಿ ಕಂದುಬಣ್ಣಕ್ಕೆ ತಿರುಗಿತ್ತು, ಹುಲ್ಲೂ ಇರಲಿಲ್ಲ. ಆ ಮೂರು ಚೀಲ ಹೂಳಿದ್ದ ಜಾಗ ಬಂದಾಗ ನಾದಿನಿ ಥಟ್ಟನೆ ನಿಂತಳು. ಅಲ್ಲಿ ತೊರೆ ತಿರುಗುತ್ತದೆ. ಮಳೆಗಾಲದಲ್ಲಿ ನೀರು ದಂಡೆ ಮೀರಿ ಒಳಗೆ ನುಗ್ಗಿದ ಗುರುತು ಕಾಣುತ್ತಿತ್ತು. ಸೂಜಿಎಲೆ ಮರಗಳ ಬುಡದಲ್ಲೇ ಕಪ್ಪು ಮೆಕ್ಕಲು, ಅದರಲ್ಲಿ ಮೇಲಿನಿಂದ ತೇಲಿಬಂದ ಡೊಂಕು ಮರದ ಎಲೆಚೂರು. ಆ ಒಂದು ತುಂಡು ನೆಲ ಮಾತ್ರ ಹಸಿರಾಗಿತ್ತು. ಅವಳು ಮಂಡಿಯೂರಿ ಮಣ್ಣನ್ನು ಕೈಗೆತ್ತಿಕೊಂಡಳು.

"ಮರ ಇರೋದು ಅಷ್ಟು ಮೇಲೆ," ಅಂದಳು. "ಅದರ ಸಾರ ತೊರೆ ಹಿಡಿದು ಇಲ್ಲಿವರೆಗೆ ಬಂದಿದೆ. ಇದನ್ನ ತೋರಿಸೋಕೆ ನಾನು ಯಾವ ಏರ್ಪಾಡೂ ಮಾಡಿರಲಿಲ್ಲ. ನಿಮ್ಮ ದಾರ ತೋರಿಸ್ತು ನೋಡಿ."

"ಬೆರಳು," ಅಂದೆ ನಾನು. "ದಾರ ಅಲ್ಲ, ಬೆರಳು." ಅವಳು ಮಣ್ಣುಗೈಯಲ್ಲೇ ನನ್ನನ್ನು ತಬ್ಬಿಕೊಂಡಳು. ಸೀರೆ ಕೊಳೆಯಾಯಿತು ಅಂತ ಬೈದೆ. ನನಗೆ ಅಷ್ಟು ಸಂತೋಷ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ.

ಅಧಿಕಾರಿಯ ಮುಂದೆ ಅವಳು ಹೆಚ್ಚು ಮಾತಾಡಲಿಲ್ಲವಂತೆ. ಎರಡು ಗುಡ್ಡೆಗಳನ್ನೂ ಅವರ ಮೇಜಿನ ಮೇಲಿಟ್ಟು, "ಎಳೀರಿ ಸರ್," ಅಂದಳಂತೆ. ಅವರು ಇಪ್ಪತ್ತು ಚೀಲ ಎಳೆದರಂತೆ. ಕೊನೆಗೆ, "ಎಲೆ ತೂಗಿದ ಲೆಕ್ಕವೂ ಬೇಕು. ಇನ್ನೊಂದು ವರ್ಷ ತಗೊಳ್ಳಿ, ಅಲ್ಲಿವರೆಗೆ ಮರ ಮುಟ್ಟಲ್ಲ," ಅಂದರಂತೆ. ಹೊಸದಾಗಿ ಮುನ್ನೂರು ಚೀಲದ ಬಲೆ ನನ್ನ ಮೇಜಿಗೆ ಬಂದು ಬಿದ್ದಿದೆ. ಮೆಷಿನ್ನಿಗೆ ದಪ್ಪ ಸೂಜಿ ತರಿಸಿದ್ದೇನೆ, ಹೊಲಿಗೆಯೆಲ್ಲ ನೈಲಾನಿನದು. ಜೊತೆಗೆ ಪ್ರತಿ ಚೀಲದ ಅಂಚಿಗೂ ಒಂದು ಸಾಲು ಹತ್ತಿ ದಾರ, ಈ ಸಲ ಬೇಕೆಂದೇ.

ನಿನ್ನೆ ಅವಳು ವರದಿ ಬರೆಯುತ್ತ ನನ್ನ ಮೆಷಿನ್ನಿನ ಪಕ್ಕ ಕುಳಿತಿದ್ದಳು. ಒಂದು ವಾಕ್ಯ ಓದಿ ಹೇಳಿದಳು: "ಹೊಲಿದವರ ತಪ್ಪಿನಿಂದಾಗಿ ನೈಲಾನಿನ ಬದಲು ಹತ್ತಿ ದಾರ ಬಳಕೆಯಾಯಿತು." ಆಮೇಲೆ ನನ್ನ ಮುಖ ನೋಡಿದಳು. "ನಿಮಗೆ ಬೇಜಾರಾದ್ರೆ ಬೇರೆ ತರ ಬರೀತೀನಿ ಅತ್ತಿಗೆ."

ನಾನು ಮೆಷಿನ್ ನಿಲ್ಲಿಸಿದೆ. ಬೇರೆ ತರ ಬರೆಸಿಕೊಳ್ಳುವ ಆಸೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

"ತಪ್ಪು ಅಂತಲೇ ಇರಲಿ," ಅಂದೆ. "ಆದರೆ ಹೊಲಿಗೆ ನೇರವಾಗಿತ್ತು ಅಂತಾನೂ ಸೇರಿಸು."

ಅವಳು ನಗಲಿಲ್ಲ. ಪೆನ್ನು ತೆಗೆದುಕೊಂಡು ಸೇರಿಸಿದಳು.